ಅಂಗಿಯ ಮೇಲೊಂದು ಲಿವರ್

ಮಧ್ಯಾಹ್ನ ಊಟದ ಬೆಲ್ ಹೊಡೆಯುವ ಹೊತ್ತಿಗೆ ನಮ್ಮ ಅನಾಟಮಿ ಮೇಷ್ಟ್ರ ಬಿಳಿ ಅಂಗಿಯ ಮೇಲೆ ಒಂದು ಲಿವರ್, ಒಂದು ಜಠರ, ಸುತ್ತಿಕೊಂಡ ಮಾರುದ್ದದ ಕರುಳು ಮೂಡಿರುತ್ತಿದ್ದವು. ಎಲ್ಲವೂ ಬಣ್ಣದ ಚಾಕ್‌ಪೀಸಿನವು. ಗೋಡೆಗೆ ಬೋರ್ಡಿದ್ದರೂ ಅವರು ಚಿತ್ರ ಬರೆಯುತ್ತಿದ್ದುದು ತಮ್ಮ ಮೈಮೇಲೆ. ಕಿಡ್ನಿ ಬೆನ್ನಿನ ಕಡೆ ಇರುವುದರಿಂದ ಆ ಪಾಠದ ದಿನ ನಮ್ಮತ್ತ ಬೆನ್ನು ಮಾಡಿ ನಿಂತು, ಎರಡೂ ಕೈ ಹಿಂದಕ್ಕೆ ತಂದು, ತುರಿಕೆ ಹತ್ತಿದವರಂತೆ ಮೈ ಹೊಸೆಯುತ್ತ ಬರೆದರು. ಬಲಗಡೆಯದು ಎಡಗಡೆಯದಕ್ಕಿಂತ ಸ್ವಲ್ಪ ಕೆಳಗೆ ಬಂತು. ಕೈ ತಪ್ಪಿತೆಂದು ನಾವು ನಕ್ಕೆವು.

"ನಗಬೇಡಿ, ಅದು ಇರೋದೇ ಹಾಗೆ," ಎಂದರು ತಿರುಗದೆಯೇ. "ಮೇಲೆ ಲಿವರ್ ಕೂತಿದೆಯಲ್ಲ, ದೊಡ್ಡ ಯಜಮಾನ. ಅವನು ಸರಿಯೋಲ್ಲ. ಬಲಗಡೆ ಕಿಡ್ನಿ ಪಾಪ, ಬಸ್ಸಿನಲ್ಲಿ ದಪ್ಪ ಮನುಷ್ಯನ ಪಕ್ಕ ಕೂತವರ ಹಾಗೆ ಕೆಳಗೆ ಜಾರಿಕೊಂಡಿದೆ."

ಆ ಅಂಗಿಯಲ್ಲೇ ಸಂಜೆ ಮಡಿಕೇರಿಯ ಮಾರ್ಕೆಟ್ ದಾಟಿ, ಏರು ಹತ್ತಿ ಮನೆಗೆ ಹೋಗುತ್ತಿದ್ದರು. ತರಕಾರಿಯವನು ಅವರ ಹೊಟ್ಟೆ ನೋಡಿಯೇ ಮಾತಾಡಿಸುತ್ತಿದ್ದ. "ಏನ್ ಮೇಷ್ಟ್ರೇ, ಇವತ್ತು ಕರುಳಾ?"

"ಸಣ್ಣ ಕರುಳು ಮಾತ್ರ. ದೊಡ್ಡದು ನಾಳೆ."

ನಮ್ಮದು ಚಿಕ್ಕ ನರ್ಸಿಂಗ್ ಕಾಲೇಜು. ಅಲ್ಲಿ ಒಬ್ಬ ಪ್ಲಾಸ್ಟಿಕ್ ಮನುಷ್ಯನಿದ್ದ. ಎದೆ ತೆರೆದರೆ ಒಳಗಿನ ಭಾಗಗಳನ್ನು ಒಂದೊಂದಾಗಿ ತೆಗೆದು ಮತ್ತೆ ಜೋಡಿಸಬಹುದಿತ್ತು. ಆದರೆ ನಮಗಿಂತ ಹಿಂದಿನ ಬ್ಯಾಚಿನವರು ಅವನ ಹೃದಯವನ್ನು ಎಲ್ಲೋ ಕಳೆದಿದ್ದರು. ಆ ಜಾಗದಲ್ಲಿ ಬೋರ್ಡ್ ಒರೆಸುವ ಡಸ್ಟರ್ ಇಡುವುದು ವಾಡಿಕೆ. ಮೇಷ್ಟ್ರು ಬಂದ ಮೊದಲ ದಿನ ಅದನ್ನು ಹೊರತೆಗೆದು, ಹಿಂದೆ ಮುಂದೆ ತಿರುಗಿಸಿ ನೋಡಿ, "ಇಂಥ ಹೃದಯ ಇರುವ ಮನುಷ್ಯರನ್ನು ನಾನು ಕಂಡಿದ್ದೇನೆ. ಪಾಠಕ್ಕೆ ಮಾತ್ರ ಆಗೋಲ್ಲ," ಎಂದರು.

ಅವರು ಬೇರೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತರಾದವರು. ದೇವಸ್ಥಾನದ ಪೂಜೆಯ ಮನೆತನ. ಮನೆಯಲ್ಲಿ ಈರುಳ್ಳಿ ಕೂಡ ವಾರಕ್ಕೆ ಕೆಲವೇ ದಿನ. ನಮ್ಮ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ, ಊರು ನೆನಪಿರುತ್ತಿತ್ತು. "ನಾಪೋಕ್ಲು, ಎದ್ದು ನಿಂತ್ಕೊ. ನಿನ್ನ ಗುಲ್ಮ ಎಲ್ಲಿದೆ ತೋರಿಸು. ಅಲ್ಲ ಮಾರಾಯ್ತಿ, ಅದು ಬಿಟ್ಟಂಗಾಲದವಳ ಗುಲ್ಮ, ನಿನ್ನದನ್ನು ಮುಟ್ಟು." ತರಗತಿಯಲ್ಲಿ ಮನೆಮಾತು ಒಬ್ಬೊಬ್ಬಳದು ಒಂದೊಂದು. ಪ್ರತಿ ಅಂಗಕ್ಕೂ ಮೊದಲು ಮನೆಯ ಹೆಸರು ಕೇಳುತ್ತಿದ್ದರು. ಲಿವರ್ ಎಂದರೆ ನಮ್ಮಲ್ಲಿ ಈಲಿ, ತಮಿಳಿನವಳಿಗೆ ಈರಲ್, ಉರ್ದುವಿನವಳಿಗೆ ಕಲೀಜಾ. ಎಲ್ಲ ಹೆಸರೂ ಬೋರ್ಡಿನ ಮೇಲೆ ಬಂದ ನಂತರವೇ ಇಂಗ್ಲಿಷಿನದು. "ಮನೆಯಲ್ಲಿ ತಿಂದಿರೋದನ್ನು ಕಾಲೇಜಿಗೆ ಬಂದು ಮರೀಬೇಡಿ," ಎನ್ನುತ್ತಿದ್ದರು, ತಾವು ಜನ್ಮದಲ್ಲಿ ತಿನ್ನದವರು.

ನಾನು ಅವರಿಗೆ ಶನಿವಾರಸಂತೆ. ಊರು ಅದರ ಪಕ್ಕದ ಹಳ್ಳಿ. ಅಪ್ಪನಿಗೆ ಶುಂಠಿ, ಹಸಿಮೆಣಸಿನ ಬೇಸಾಯ. ನಮ್ಮ ಮನೆಯಲ್ಲಿ ಡಿಗ್ರಿ ಓದಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾನು ಹೇಳದಿದ್ದರೆ ನನ್ನ ಪರವಾಗಿ ಹೇಳುವವರೂ ಇಲ್ಲ. ಆದರೆ ಮೊದಲ ವರ್ಷ ನಾನು ಅನಾಟಮಿಯಲ್ಲಿ ಫೇಲಾದೆ. ಪಿಯುಸಿಯವರೆಗೆ ಕನ್ನಡದಲ್ಲಿ ಓದಿದವಳಿಗೆ ಆ ಪುಸ್ತಕ ಇಟ್ಟಿಗೆಯಂತಿತ್ತು. ಮಂಡಿಯ ಚಿಪ್ಪಿಗೆ ಒಂದು ಹೆಸರು, ಅದರ ಹಿಂದಿನ ಹಳ್ಳಕ್ಕೆ ಇನ್ನೊಂದು ಹೆಸರು. ಮಂಡಿ ಒಂದೇ ಅಲ್ಲವೇ ಎಂದು ನಾನು ಬಿಟ್ಟುಬಿಟ್ಟೆ. ಪರೀಕ್ಷೆಯಲ್ಲಿ ಅದನ್ನೇ ಕೇಳಿದರು.

ಊರಿಗೆ ಹೋದಾಗ ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಗಲಿಯ ಮೇಲೆ ಬೀಡಿ ಹಚ್ಚಿಕೊಂಡು, "ಇನ್ನೊಂದ್ ಸಲ ಬರಿ ಮಗಾ. ಆಗ್ಲಿಲ್ವಾ, ಬಂದ್ಬುಡು. ಶುಂಠಿಗೆ ಇಂಗ್ಲಿಷ್ ಬ್ಯಾಡ," ಎಂದರು. ಅಮ್ಮ ಒಳಗಿನಿಂದ, "ಗಂಡೂ ನೋಡನ ಹಂಗಾದ್ರೆ," ಎಂದಳು. ಇಬ್ಬರೂ ಪ್ರೀತಿಯಿಂದಲೇ ಹೇಳಿದರು. ಅದೇ ಭಯ ಹುಟ್ಟಿಸಿತು. ಅವರು ನನ್ನ ವಾಪಸಾತಿಗೆ ಆಗಲೇ ಜಾಗ ಗುಡಿಸಿಟ್ಟಿದ್ದರು.

ಮೇಷ್ಟ್ರು ಬಂದದ್ದು ಅದರ ಮರುವರ್ಷ. ಹೊಸ ಬ್ಯಾಚಿನ ಜೊತೆ ಅನಾಟಮಿಗೆ ಮತ್ತೆ ಕೂರುತ್ತಿದ್ದ ನನ್ನನ್ನು ಒಂದು ಭಾನುವಾರ ಹಾಸ್ಟೆಲಿನಿಂದ ಕರೆಸಿದರು. ಕೈಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ, ಮುಖದಲ್ಲಿ ಕಳ್ಳತನಕ್ಕೆ ಹೊರಟವರ ಕಳೆ.

"ಶನಿವಾರಸಂತೆ, ನೀನು ಮಾಂಸದಂಗಡಿಗೆ ಹೋಗಿದ್ದೀಯಲ್ಲ?"

"ಹೋಗಿದ್ದೀನಿ ಸಾರ್."

"ಹಾಗಾದರೆ ಜೊತೆಗೆ ಬಾ. ಅಲ್ಲಿ ಹೇಗೆ ಕೇಳೋದು ಅಂತ ನನಗೆ ಗೊತ್ತಿಲ್ಲ. ಹಂದಿಯ ಹೃದಯ ಬೇಕು. ಮನುಷ್ಯನದಕ್ಕೆ ತೀರ ಹತ್ತಿರ."

ಹಂದಿಮಾಂಸದ ಅಂಗಡಿಯವರು ಕೊಡವರು, ದಪ್ಪ ಮೀಸೆ, ಮೃದು ದನಿ. ಭಾನುವಾರದ ಗಿರಾಕಿಗಳ ನಡುವೆ ಹಣೆಯಲ್ಲಿ ಗಂಧದ ಬೊಟ್ಟಿದ್ದ ಮೇಷ್ಟ್ರನ್ನು ಕಂಡದ್ದೇ ಕತ್ತಿ ಕೆಳಗಿಟ್ಟು, ದಾರಿ ತಪ್ಪಿ ಬಂದವರನ್ನು ಕೇಳುವಂತೆ, "ಎಂತ ಸಾರ್?" ಎಂದರು.

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಕೇಳುವ ಮೊದಲೇ ತಾವೇ, "ಒಂದು ಹೃದಯ," ಎಂದುಬಿಟ್ಟರು.

"ಹಾರ್ಟ್ ಉಂಟು. ತುಂಡು ಮಾಡಿ ಕೊಡ್ತೇನೆ."

"ಬೇಡ ಬೇಡ, ಇಡಿಯಾಗಿ ಬೇಕು."

"ಇಡಿಯಾಗಿ ಬೇಯೋದಿಲ್ಲ ಸಾರ್."

"ಬೇಯಿಸೋಕಲ್ಲ. ಕಾಲೇಜಿನ ಹುಡುಗಿಯರಿಗೆ ಪಾಠಕ್ಕೆ."

ಅಂಗಡಿಯವರು ಮೇಷ್ಟ್ರ ಬೊಟ್ಟನ್ನು ನೋಡಿದರು, ಡಬ್ಬಿಯನ್ನು ನೋಡಿದರು, ಸಾಕ್ಷಿಗೆ ಕರೆತಂದಿದ್ದ ನನ್ನನ್ನೂ ನೋಡಿದರು. ಅವರ ಮುಖದಲ್ಲಿ ನಿಧಾನವಾಗಿ ಒಂದು ತಿಳುವಳಿಕೆ ಹರಡಿತು. "ಪಾಠಕ್ಕೆ," ಎಂದರು. "ಆಯ್ತು ಸಾರ್. ಪಾಠಕ್ಕೇ. ಯಾರಾದರೂ ಕೇಳಿದರೆ ನಾನೂ ಹಾಗೇ ಹೇಳ್ತೇನೆ." ಡಬ್ಬಿಯನ್ನು ಎರಡು ಸುತ್ತು ಪೇಪರಿನಲ್ಲಿ ಸುತ್ತಿ, ಹೊರಗಿನಿಂದ ಸಿಹಿತಿಂಡಿಯ ಪೊಟ್ಟಣದಂತೆ ಕಾಣುವ ಹಾಗೆ ದಾರ ಕಟ್ಟಿ ಕೊಟ್ಟರು.

ದಾರಿಯಲ್ಲಿ ನಾನು, "ಸಾರ್, ಅವರು ನಂಬ್ಲಿಲ್ಲ," ಎಂದೆ.

"ಏನನ್ನು?"

"ನೀವು ತಿನ್ನೋಲ್ಲ ಅನ್ನೋದನ್ನ."

ಮೇಷ್ಟ್ರು ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿದರು. "ನಂಬಿಸೋಕೆ ಹೋದರೆ ಇನ್ನೂ ನಂಬೋಲ್ಲ. ಬಿಡು. ಹೃದಯ ಚೆನ್ನಾಗಿದೆ."

ಅಲ್ಲಿಂದ ಮುಂದೆ ಭಾನುವಾರ ಬೆಳಿಗ್ಗೆ ನಮಗೆ ವಿಶೇಷ ತರಗತಿ. ಬಂದವರೆಲ್ಲ ಗ್ಲೌಸ್ ಹಾಕಿಕೊಂಡು ಒಬ್ಬರಾದ ಮೇಲೊಬ್ಬರು ಹೃದಯವನ್ನು ಕೈಗೆ ತೆಗೆದುಕೊಳ್ಳಬೇಕು. ಕಣ್ಣು ಮುಚ್ಚಿ ಅದರ ಗೋಡೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ, ದಪ್ಪವೋ ತೆಳುವೋ ಹೇಳಬೇಕು. "ಕಣ್ಣು ಬಿಟ್ಟರೆ ಪುಸ್ತಕದ ಚಿತ್ರ ನೆನಪಾಗುತ್ತೆ. ಮುಚ್ಚಿದರೆ ಕೈಗೆ ಬುದ್ಧಿ ಬರುತ್ತೆ," ಎನ್ನುತ್ತಿದ್ದರು. ಒಳಗಿನ ಕವಾಟಕ್ಕೆ ಕಟ್ಟಿದ ಬಿಳಿ ನೂಲುಗಳನ್ನು ತೋರಿಸಿ, "ನೋಡಿ, ಇದು ಬಾಗಿಲು. ಗಾಳಿಗೆ ಹಿಂದುಮುಂದಾಗಿ ಬಡಿದುಕೊಳ್ಳದ ಹಾಗೆ ಹಗ್ಗ ಕಟ್ಟಿದ್ದಾನೆ," ಎಂದು ತಾವೇ ಕಟ್ಟಿದವರಷ್ಟು ಹೆಮ್ಮೆಪಡುತ್ತಿದ್ದರು. ಪಾಠ ಮುಗಿದ ಮೇಲೆ, ಮಡಿಕೇರಿಯ ಚಳಿಯಲ್ಲೂ, ಕಾಲೇಜಿನ ಹಿಂದಿನ ಬಚ್ಚಲಿನಲ್ಲಿ ತಣ್ಣೀರು ಸುರಿದುಕೊಂಡು, ಹಲ್ಲು ಕಟಕಟಿಸುತ್ತ ಮನೆಗೆ ಹೋಗುತ್ತಿದ್ದರು. ಇಷ್ಟು ಕಷ್ಟವೇಕೆ ಎಂದು ಬಿಟ್ಟಂಗಾಲದವಳು ಕೇಳಿಯೇಬಿಟ್ಟಳು.

"ಮುಟ್ಟೋದು ನನ್ನ ವಿದ್ಯೆ. ಸ್ನಾನ ಮಾಡೋದು ನನ್ನ ಹೆಂಡತಿಯ ಶಾಂತಿ. ಎರಡೂ ನಡೀಬೇಕಲ್ಲ."

ನಮ್ಮ ಕಾಲೇಜಿನ ಒಂದು ಪದ್ಧತಿ ಹೇಳಬೇಕು. ಯೂನಿವರ್ಸಿಟಿ ಪರೀಕ್ಷೆಗೆ ಮುಂಚೆ ಹೊರಗಿನಿಂದ ಯಾರನ್ನಾದರೂ ಕರೆಸಿ ಬಾಯಿಮಾತಿನ ಪರೀಕ್ಷೆ ಮಾಡಿಸುತ್ತಿದ್ದರು. ಅದರಲ್ಲಿ ದಾಟದವರನ್ನು ದೊಡ್ಡ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಆ ಸಲ ಬರುವವರು ಮಂಗಳೂರಿನ ಒಬ್ಬ ಮೇಡಂ, ನಗುವುದೇ ಇಲ್ಲವೆಂಬ ಖ್ಯಾತಿ ಅವರಿಗಿಂತ ಮೊದಲೇ ಘಾಟಿ ಹತ್ತಿ ಬಂದಿತ್ತು. ಸೋಮವಾರ ಬೆಳಿಗ್ಗೆ ಪರೀಕ್ಷೆ. ಹೋದ ವರ್ಷ ಫೇಲಾದವಳೆಂದು ನನ್ನನ್ನೇ ಮೊದಲು ಕರೆಯುವುದೆಂದು ಗೊತ್ತಾಯಿತು. ಅಂದು ತಪ್ಪಿದರೆ ಸಂಜೆಯ ಬಸ್ಸಿಗೆ ಶನಿವಾರಸಂತೆ. ಪೆಟ್ಟಿಗೆಯನ್ನು ಅರ್ಧ ಕಟ್ಟಿಯೇ ಇಟ್ಟಿದ್ದೆ.

ಹಿಂದಿನ ಶನಿವಾರವೇ ಮೇಷ್ಟ್ರು ಅಂಗಡಿಗೆ ಹೋಗಿ ಹೇಳಿದ್ದರು. ನಾನೂ ಜೊತೆಗಿದ್ದೆ.

"ಸೋಮವಾರ ದೊಡ್ಡ ಮೇಡಂ ಒಬ್ಬರು ಬರ್ತಾರೆ. ಅವರ ಮುಂದೆ ಇಡಬೇಕು. ಒಳ್ಳೆಯ ಹೃದಯ ನೋಡಿ ಕೊಡಿ. ನಮ್ಮ ಮನೆಯ ಫ್ರಿಜ್ಜಿನಲ್ಲಿ ಇಡೋ ಹಾಗಿಲ್ಲ, ನಿಮ್ಮಲ್ಲೇ ಇರಲಿ."

"ಮೇಡಂ ಎಲ್ಲಿಂದ ಸಾರ್?"

"ಮಂಗಳೂರು."

ಅಂಗಡಿಯವರು ಎದೆ ಮುಟ್ಟಿಕೊಂಡರು. "ನನಗೆ ಬಿಡಿ ಸಾರ್. ಕೊಡಗಿನ ಮರ್ಯಾದೆ. ಸೋಮವಾರ ಬೆಳಿಗ್ಗೆ ನಾನೇ ಕಾಲೇಜಿಗೆ ತರ್ತೇನೆ."

ತಂದರು. ಸ್ಕೂಟರಿನ ಮುಂದೆ ಪಾತ್ರೆ, ಮೇಲೆ ಬಾಳೆಲೆ ಮುಚ್ಚಿ ದಾರ ಬಿಗಿದಿತ್ತು. ಮೇಷ್ಟ್ರ ಕೈಗೆ ಕೊಟ್ಟು, ದನಿ ತಗ್ಗಿಸಿ, "ನಿನ್ನೆಯಿಂದ ಊರಿದೆ ಸಾರ್. ಚೆನ್ನಾಗಿ ಹಿಡಿದಿದೆ. ಒಲೆ ಮೇಲೆ ಇಟ್ಟರೆ ಆಯ್ತು," ಎಂದು ಹೇಳಿ, ನಾವು ಆ ಮಾತಿನ ಅರ್ಥ ಹುಡುಕುವುದರೊಳಗೆ ಸ್ಕೂಟರ್ ತಿರುಗಿಸಿಬಿಟ್ಟರು.

ಮೇಷ್ಟ್ರು ಬಾಳೆಲೆ ಸರಿಸಿದರು. ನಾನೂ ಬಗ್ಗಿದೆ. ಒಳಗೆ ಹೃದಯವಿತ್ತು. ಅಚ್ಚುಕಟ್ಟಾಗಿ ಪಲ್ಯದ ತುಂಡುಗಳಾಗಿತ್ತು. ಉಪ್ಪು, ಅರಿಶಿನ, ಕುಟ್ಟಿದ ಕಾಳುಮೆಣಸು, ಮೇಲಿಂದ ಧಾರಾಳವಾಗಿ ಕಾಚಂಪುಳಿ. ಹಂದಿಮಾಂಸದ ಸಾರಿಗೆ ಕೊಡಗಿನವರು ಹಾಕುವ ಆ ಕಪ್ಪು ಹುಳಿ ರಸದಲ್ಲಿ ಒಂದು ಹಗಲು ಒಂದು ರಾತ್ರಿ ನೆನೆದು ತುಂಡುಗಳೆಲ್ಲ ಕಾಫಿ ಬಣ್ಣಕ್ಕೆ ತಿರುಗಿದ್ದವು. ಪರೀಕ್ಷೆಯ ಕೋಣೆಯಲ್ಲಿ ಮದುವೆಮನೆಯ ಅಡುಗೆಮನೆಯ ವಾಸನೆ ಎದ್ದಿತು. ನಾಪೋಕ್ಲುವಿನವಳು ಹೆದರಿಕೆಗೆ ಬೆಳಗಿನ ತಿಂಡಿ ಬಿಟ್ಟಿದ್ದಳು. ಅವಳ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುಡುಗಿತು.

ಮೇಷ್ಟ್ರು ಬಾಳೆಲೆಯನ್ನು ಮಡಿಚಿ ಪಕ್ಕಕ್ಕಿಟ್ಟರು. "ಪಾಪ, ಎಷ್ಟು ಪ್ರೀತಿಯಿಂದ ಮಾಡಿದ್ದಾರೆ," ಎಂದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಕಾಳುಮೆಣಸಿಗಲ್ಲ.

"ಅಳಬೇಡ ಶನಿವಾರಸಂತೆ. ತೊಳೆಯೋಣ ನಡಿ."

ನಲ್ಲಿಯ ಕೆಳಗೆ ಇಬ್ಬರೂ ತೊಳೆದೆವು. ಬಣ್ಣ ಹೋಗಲಿಲ್ಲ, ವಾಸನೆಯಂತೂ ಇನ್ನಷ್ಟು ಎದ್ದಿತು. ತೊಳೆಯುತ್ತಲೇ ಮೇಷ್ಟ್ರು ಒಂದು ತುಂಡನ್ನು ಬೆಳಕಿಗೆ ಹಿಡಿದು, "ಇವತ್ತು ಬೋರ್ಡು ಇಲ್ಲ, ಚಿತ್ರ ಇಲ್ಲ, ಇಡೀ ಹೃದಯವೂ ಇಲ್ಲ. ಕೈ ಒಂದು ಇದೆ," ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

ಮೇಡಂ ಒಳಗೆ ಬಂದವರು ಬಾಗಿಲಲ್ಲೇ ನಿಂತು ಉಸಿರೆಳೆದರು. ಕುರ್ಚಿಯಲ್ಲಿ ಕೂತು, ತೊಳೆದ ತುಂಡುಗಳನ್ನಿಟ್ಟಿದ್ದ ತಟ್ಟೆ ನೋಡಿದರು. ನನ್ನನ್ನು ಕರೆದರು. ಮೇಷ್ಟ್ರು ನಿಯಮದಂತೆ ಕಿಟಕಿಯ ಬಳಿ ಹೋಗಿ, ನಮ್ಮ ಕಡೆ ಬೆನ್ನು ಹಾಕಿ ನಿಂತರು.

"ವಾಟ್ ಈಸ್ ದಿಸ್?"

"ಹಾರ್ಟ್, ಮೇಡಂ."

"ಇಟ್ ವಾಸ್," ಎಂದರು ಮೇಡಂ. ಆಮೇಲೆ ಚಿಮುಟದಿಂದ ತಟ್ಟೆಯನ್ನೆಲ್ಲ ಕೆದಕಿ, "ವೇರ್ ಈಸ್ ದಿ ಅಯೋರ್ಟಾ?" ಎಂದು ಕೇಳಿದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಎಲ್ಲಿ ಎಂದು. ನಾನೂ ಹುಡುಕಿದೆ. ಇರಲಿಲ್ಲ. ನಮ್ಮ ಮನೆಯಲ್ಲೂ ಅದನ್ನು ಇಡುವುದಿಲ್ಲವೆಂದು ನೆನಪಾಯಿತು.

"ಅದು ತಿನ್ನೋಕೆ ಬರಲ್ಲ ಮೇಡಂ. ಅಗಿಯೋಕಾಗಲ್ಲ. ಅದಕ್ಕೆ ತೆಗೆದುಬಿಟ್ಟಿದ್ದಾರೆ."

ಕಿಟಕಿಯ ಬಳಿ ಮೇಷ್ಟ್ರ ಭುಜ ಒಮ್ಮೆ ಅಲುಗಿತು.

ಮೇಡಂ ಒಂದು ತುಂಡನ್ನು ಎತ್ತಿ ನನ್ನ ಅಂಗೈಗೆ ಹಾಕಿದರು. ಯಾವ ಕೋಣೆಯ ಗೋಡೆ ಎಂದು ಇಂಗ್ಲಿಷಿನಲ್ಲೇ ಕೇಳಿದರು. ಹೃದಯಕ್ಕೆ ನಾಲ್ಕು ಕೋಣೆ, ಕೈಯಲ್ಲಿ ಒಂದು ಕಪ್ಪು ತುಂಡು. ಕಣ್ಣು ಮುಚ್ಚಿದೆ. ಹಿಸುಕಿದೆ. ದಪ್ಪ ಗೋಡೆ, ಬಿಗಿ. ಒಳಮುಖದಲ್ಲಿ ಬೆರಳಿಗೆ ಒಂದೆರಡು ನೂಲು ತಾಗಿದವು. ಭಾನುವಾರಗಳೆಲ್ಲ ಬೆರಳ ತುದಿಗೆ ಬಂದು ನಿಂತಂತಾಯಿತು.

"ಲೆಫ್ಟ್ ವೆಂಟ್ರಿಕಲ್, ಮೇಡಂ."

"ಹೌ ಡು ಯು ನೋ?"

ಗೊತ್ತಿತ್ತು. ಆದರೆ ಗೊತ್ತಿದ್ದದ್ದು ಇಂಗ್ಲಿಷಿನಲ್ಲಿರಲಿಲ್ಲ. "ಬಿಕಾಸ್" ಎಂದು ಶುರು ಮಾಡಿದೆ. ಮತ್ತೆ "ಬಿಕಾಸ್" ಎಂದೆ. ಮೇಡಂ ಪೆನ್ನನ್ನು ಕಾಗದದ ಮೇಲೆ ತಂದಿಟ್ಟರು. ನನಗೆ ಹಾಸ್ಟೆಲಿನ ಪೆಟ್ಟಿಗೆ ಕಂಡಿತು, ಅಪ್ಪನ ಜಗಲಿ ಕಂಡಿತು. ಅಪ್ಪನೂ ಕಂಡರು, ಶುಂಠಿಯ ಮೂಟೆ ಹೊತ್ತು ಏರು ಹತ್ತುತ್ತ. ಬಾಯಿ ತಾನಾಗಿ ಕನ್ನಡಕ್ಕೆ ಹೊರಳಿತು.

"ನಮ್ಮಪ್ಪ ಶುಂಠಿ ಮೂಟೆ ಹೊರ್ತಾರೆ ಮೇಡಂ, ಹೊಲದಿಂದ ರೋಡಿನವರೆಗೂ. ನಮ್ಮ ಚಿಕ್ಕಪ್ಪಂದು ಸಂತೇಲಿ ತೂಕ ಹಾಕೋ ಕೆಲಸ, ಮೂಟೇನ ಇಲ್ಲಿಂದ ಅಲ್ಲಿಗಿಟ್ರೆ ಆಯ್ತು. ಒಂದೇ ತಾಯಿ ಮಕ್ಕಳು, ಆದ್ರೆ ಅಪ್ಪನ ಕತ್ತು, ಹೆಗಲು ನೋಡಿದ್ರೆ ಗೊತ್ತಾಗುತ್ತೆ ದೂರ ಹೊರೋರು ಯಾರು ಅಂತ. ಬಲಗಡೆ ಕೋಣೆ ರಕ್ತಾನ ಪಕ್ಕದಲ್ಲೇ ಇರೋ ಶ್ವಾಸಕೋಶಕ್ಕೆ ಕಳಿಸ್ಬೇಕು, ಅಷ್ಟೇ. ಎಡಗಡೇದು ತಲೆಗೂ ಕಳಿಸ್ಬೇಕು, ಕಾಲು ಹೆಬ್ಬೆರಳಿಗೂ ಕಳಿಸ್ಬೇಕು. ದಪ್ಪ ಇರ್ಲೇಬೇಕು ಮೇಡಂ."

ನಾಪೋಕ್ಲುವಿನವಳ ಹೊಟ್ಟೆಯೂ ಸುಮ್ಮನಿತ್ತು.

"ಈಗ ಇದನ್ನೇ ಇಂಗ್ಲಿಷಿನಲ್ಲಿ," ಎಂದರು ಮೇಡಂ, ಕನ್ನಡದಲ್ಲಿ.

"ರೈಟ್ ಗೋಸ್ ಓನ್ಲಿ ನೆಕ್ಸ್ಟ್ ಹೌಸ್ ಮೇಡಂ. ಲೆಫ್ಟ್ ಗೋಸ್ ಅಪ್ ಟು ಟೋ."

"ಅಪ್ ಟು ಟೋ," ಎಂದು ಮೇಡಂ ತಮಗೇ ಹೇಳಿಕೊಂಡು ಏನೋ ಬರೆದರು. ಆಮೇಲೆ ಕಿಟಕಿಯ ಕಡೆ ತಿರುಗಿ ಕೇಳಿದರು. "ಸರ್, ಸ್ಪೆಸಿಮನ್ ಕೆಡದ ಹಾಗೆ ಇದಕ್ಕೆ ಏನು ಹಾಕಿದ್ದೀರಿ?"

ಮೇಷ್ಟ್ರು ತಿರುಗಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಕಾಚಂಪುಳಿ, ಮೇಡಂ. ಈ ಕಡೆ ಎಲ್ಲರೂ ಅದನ್ನೇ ಬಳಸುತ್ತಾರೆ."

ಮೇಡಂ ನಕ್ಕರು. ಮಂಗಳೂರಿನಲ್ಲಿ ಯಾರಿಗೆ ಹೇಳಿದರೂ ನಂಬಲಾರರು.

ನಾನು ದಾಟಿದೆ. ದೊಡ್ಡ ಪರೀಕ್ಷೆಗೂ ಕೂತೆ, ಅದನ್ನೂ ದಾಟಿದೆ. ಮೇಡಂ ಬಂದುಹೋದ ಮರು ಭಾನುವಾರ ಅಂಗಡಿಗೆ ಹೋದಾಗ ಅಂಗಡಿಯವರು ಗಿರಾಕಿಗಳನ್ನು ಬಿಟ್ಟು ಓಡಿಬಂದರು. "ಮೇಡಂಗೆ ಹಿಡಿಸಿತಾ ಸಾರ್?"

ನಾನು ಬಾಯಿ ತೆರೆದೆ. ಮೇಷ್ಟ್ರು ನನ್ನ ಮೊಣಕೈ ಮುಟ್ಟಿ ತಡೆದು, "ತುಂಬಾ. ಒಂದೊಂದು ತುಂಡನ್ನೂ ಕೆದಕಿ ನೋಡಿದರು. ಕಡೆಗೆ ಏನು ಹಾಕಿದ್ದೀರಿ ಅಂತಲೂ ಕೇಳಿದರು," ಎಂದರು. ಅಂಗಡಿಯವರ ಮೀಸೆ ಕಿವಿಯವರೆಗೂ ಹೋಯಿತು. ದಾರಿಯಲ್ಲಿ ಮೇಷ್ಟ್ರು, "ಒಂದು ಮಾತಾದರೂ ಸುಳ್ಳು ಹೇಳಿದೆನಾ?" ಎಂದು ಕೇಳಿದರು. ಇಲ್ಲ ಎಂದೆ. ಆ ಮನುಷ್ಯನ ಕೈ ರುಚಿಯನ್ನು ಹೀಗೆ ಹೊಗಳಿದ್ದಕ್ಕೆ, ಮೇಷ್ಟ್ರು ಹಂದಿ ತಿನ್ನುತ್ತಾರೆಂಬ ಮಾತು ಊರಲ್ಲಿ ಖಾಯಂ ಆಯಿತು. ಅವರು ಅದನ್ನು ಕೊನೆಯವರೆಗೂ ಅಲ್ಲಗಳೆಯಲಿಲ್ಲ.

ಡಿಗ್ರಿ ಮುಗಿದ ಮೇಲೆ ನನಗೆ ಮಡಿಕೇರಿಯಲ್ಲೇ ಆಸ್ಪತ್ರೆಯ ಕೆಲಸವಾಯಿತು. ಅವರ ಮನೆಯ ಕೆಳಗಿನ ಬೀದಿಯಲ್ಲಿ ರೂಮು ಮಾಡಿದೆ. ಹೋದ ವರ್ಷ ಕಾಫಿ ಹೂ ಬಿಟ್ಟಿದ್ದ ದಿನಗಳಲ್ಲಿ, ಒಂದು ಬೆಳಿಗ್ಗೆ ಅವರ ಹೆಂಡತಿ ಫೋನ್ ಮಾಡಿದರು. "ಸ್ವಲ್ಪ ಬಂದು ಹೋಗ್ತೀಯಾ ಮಗೂ? ಇವರು ಕಾಫಿ ಕುಡಿದು ಕೂತವರು ಮಾತಾಡ್ತಾ ಇಲ್ಲ."

ನಾನು ಏರು ಹತ್ತಿ ಓಡಿದೆ. ಮೇಷ್ಟ್ರು ಕುರ್ಚಿಯಲ್ಲಿ ಒರಗಿದ್ದರು. ನೆಂಟರು ಇಬ್ಬರು ಮೂವರು ಸೇರಿದ್ದರು. ಡಾಕ್ಟರು ದಾರಿಯಲ್ಲಿದ್ದರು. ಒಬ್ಬರು ಕಾಲು ಬೆಚ್ಚಗಿದೆ ಎಂದರೆ, ಇನ್ನೊಬ್ಬರು ಈಗ ತುಟಿ ಅಲುಗಿತು ಎಂದರು. ಹೆಂಡತಿ ಅವರನ್ನೆಲ್ಲ ಸುಮ್ಮನಿರಿಸಿ, "ಇವಳು ನೋಡಲಿ. ಇವಳು ಹೇಳಿದರೆ ನಂಬ್ತೀನಿ," ಎಂದರು. ಅಷ್ಟು ಓದಿದವರ ಮನೆಯಲ್ಲಿ, ಶುಂಠಿ ಹೊಲಕ್ಕೆ ವಾಪಸಾಗಬೇಕಿದ್ದವಳ ಮಾತಿಗೆ ಎಲ್ಲರೂ ಕಾದು ನಿಂತರು.

ನಾಡಿ ಹಿಡಿಯುವುದನ್ನು ಅವರು ನನಗೆ ತಮ್ಮ ಮಣಿಕಟ್ಟಿನ ಮೇಲೆಯೇ ಕಲಿಸಿದ್ದರು. ಮೊದಲ ಸಲ ನಾನು ಹೆಬ್ಬೆರಳು ಇಟ್ಟಿದ್ದೆ. ಕೈ ಕಿತ್ತುಕೊಂಡು ಬೈದಿದ್ದರು. "ಹೆಬ್ಬೆರಳಿಗೆ ಅದರದೇ ಜೋರು ನಾಡಿ ಇರುತ್ತೆ ಮಾರಾಯ್ತಿ. ಅದನ್ನಿಟ್ಟರೆ ನಿನ್ನ ರಕ್ತವೇ ನಿನಗೆ ಸಿಗೋದು. ಸತ್ತವನೂ ಬದುಕಿದ್ದಾನೆ ಅಂತ ಬರೆದಿಟ್ಟು ಮನೆಗೆ ಹೋಗ್ತೀಯ."

ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟೆ. ಕಾದೆ. ಕತ್ತಿನ ಪಕ್ಕ ಇಟ್ಟೆ. ಅಲ್ಲೂ ಕಾದೆ. ಆಮೇಲೆ ಅವರ ಹೆಂಡತಿಯ ಮುಖ ನೋಡಿ, "ಇಲ್ಲಮ್ಮ," ಎಂದೆ. ಅವರು ತಲೆಯಾಡಿಸಿ ನೆಲದ ಮೇಲೆ ಕೂತರು.

ಡಾಕ್ಟರು ಬರುವವರೆಗೆ ನಾನು ಮೇಷ್ಟ್ರ ಕೈ ಬಿಡಲಿಲ್ಲ. ಎಲ್ಲರೂ ಒಳಗೆ ಹೊರಗೆ ಓಡಾಡುತ್ತಿದ್ದಾಗ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಆ ಮಣಿಕಟ್ಟಿನ ಮೇಲೆ ಮೆಲ್ಲಗೆ ಹೆಬ್ಬೆರಳು ಇಟ್ಟೆ. ಹೊಡೆದುಕೊಳ್ಳುತ್ತಿತ್ತು.